"ಸದ್ದು ಇರ್ಲಿ, ಕಾರು ಯಾವ ಬಣ್ಣ?"

ನನ್ನ ಹತ್ತಿರ ಒಂದು ಹಳೇ ರೆಕಾರ್ಡಿಂಗ್ ಇದೆ. ಒಬ್ಬ ಸಾಕ್ಷಿಯನ್ನು ನಾನು ಪ್ರಶ್ನೆ ಕೇಳಿದ್ದು, 4 ನಿಮಿಷ 11 ಸೆಕೆಂಡಿನದು. ರೆಕಾರ್ಡ್ ಮಾಡಿದ ನೋಕಿಯಾ ಫೋನ್ ಕೆಟ್ಟು ಎಷ್ಟೋ ವರ್ಷವಾಯಿತು. ಮಗ ಅದನ್ನು ಕಂಪ್ಯೂಟರಿಗೆ ಹಾಕಿಕೊಟ್ಟಿದ್ದಾನೆ. ವರ್ಷಕ್ಕೆ ಒಂದೆರಡು ಸಲ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತೇನೆ. ಅದರಲ್ಲಿ ಜಾಸ್ತಿ ಮಾತಾಡುವವನು ನಾನೇ.

ನಾನು ಪೊಲೀಸ್ ಇಲಾಖೆಯಲ್ಲಿ 34 ವರ್ಷ ಇದ್ದೆ. ಎಎಸ್‌ಐ ಆಗಿ ನಿವೃತ್ತನಾದೆ. ಅದರಲ್ಲಿ ಬಹುಪಾಲು ವರ್ಷ ಠಾಣೆಯ ರೈಟರ್. ಕಳ್ಳನ ಹಿಂದೆ ಓಡಿದ್ದು ಕಡಿಮೆ, ಬರೆದಿದ್ದು ಜಾಸ್ತಿ. ದೂರು, ಮಹಜರು, ಹೇಳಿಕೆ, ಮರು ಹೇಳಿಕೆ. ಸಾಕ್ಷಿ ಹೇಳಬೇಕು, ನಾನು ಬರೆಯಬೇಕು. ಆಗ ಅದಕ್ಕೆ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 161ರ ಹೇಳಿಕೆ ಎನ್ನುತ್ತಿದ್ದೆವು. 2024ರ ಜುಲೈಯಿಂದ ಅದು, ಸಿಆರ್‌ಪಿಸಿ ಬದಲಿಗೆ ಬಂದ ಬಿಎನ್‌ಎಸ್‌ಎಸ್ ಕಾನೂನಿನ 180. ನಂಬರ್ ಬದಲಾಗಿದೆ, ಬೆಂಚು ಅದೇ, ಎದುರಿಗೆ ಕೂತ ಮನುಷ್ಯನ ಭಯವೂ ಅದೇ.

ತುಮಕೂರು ಜಿಲ್ಲೆಯಲ್ಲಿ ಬೆಂಗಳೂರು-ಪುಣೆ ಹೈವೇ ಪಕ್ಕದ ಒಂದು ಠಾಣೆ. ಊರಿನ ಹೆಸರು ಬೇಡ. ಒಂದು ಸಂಜೆ ಸೈಕಲ್ಲಿನ ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡು ಹೋಗುತ್ತಿದ್ದ ರೈತರೊಬ್ಬರಿಗೆ ಹಿಂದಿನಿಂದ ಬಂದ ಗಾಡಿ ಹೊಡೆದು, ನಿಲ್ಲಿಸದೆ ಹೋಯಿತು. ಆಸ್ಪತ್ರೆಗೆ ಸಾಗಿಸುವಾಗ ದಾರಿಯಲ್ಲೇ ತೀರಿಕೊಂಡರು. ಠಾಣೆಗೆ ಫೋನ್ ಮಾಡಿದವರು ಯಾರೋ "ಕಾರು ಗುದ್ದಿ ಹೋಯ್ತು" ಅಂದಿದ್ದರು. ಆ "ಕಾರು" ಎಂಬ ಪದವನ್ನು ತಲೆಯಲ್ಲಿ ಇಟ್ಟುಕೊಂಡೇ ನಾನು ಸ್ಥಳಕ್ಕೆ ಹೋದೆ.

ಅಲ್ಲೇ ಪಂಕ್ಚರ್ ಅಂಗಡಿ. ಕೆಲಸಕ್ಕಿದ್ದ ಹುಡುಗನಿಗೆ ಹತ್ತೊಂಬತ್ತೋ ಇಪ್ಪತ್ತೋ. ಅವತ್ತು ಬೇರೆ ಎರಡು ಕೇಸಿನ ಹೇಳಿಕೆಗಳೂ ಬಾಕಿ ಇದ್ದವು, ಕತ್ತಲಾಗುತ್ತಿತ್ತು. ಠಾಣೆಗೆ ಹೋಗಿ ನಿಧಾನವಾಗಿ ಬರೆಯೋಣ ಎಂದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅದರಲ್ಲಿ ಇರುವುದು ಇದು:

"ನಾನು ಟ್ಯೂಬ್‌ನ ನೀರಲ್ಲಿ ಅದ್ದಿ ಗುಳ್ಳೆ ನೋಡ್ತಿದ್ದೆ ಸಾ. ಮೊದ್ಲು ಸದ್ದು ಬಂತು, ಒಂಥರಾ..."

"ಸದ್ದು ಇರ್ಲಿ. ಕಾರು ಯಾವ ಬಣ್ಣ?"

ಇಲ್ಲಿ ಎರಡು ಸೆಕೆಂಡ್ ಮೌನ. ಹಿಂದೆ ಲಾರಿ ಹೋದ ಸದ್ದು.

"ಬಿಳಿ ಸಾ."

"ಸ್ಪೀಡಾಗಿ ಬಂತಾ?"

"ಹೂಂ ಸಾ."

"ಎಷ್ಟು? ಎಂಬತ್ತು, ತೊಂಬತ್ತು?"

"ತೊಂಬತ್ತು ಇರ್ಬೋದು ಸಾ."

"ನಂಬರ್ ನೋಡಿದ್ಯಾ?"

"ಇಲ್ಲ ಸಾ."

"ಸ್ವಲ್ಪನೂ? ಕೆಎ 06 ಇತ್ತಾ?"

"ಇರ್ಬೋದು ಸಾ."

ಹೀಗೇ ಕೊನೆಯವರೆಗೆ. ರಾತ್ರಿ ಠಾಣೆಗೆ ಹೋಗಿ ನಾನು ಬರೆದಿದ್ದು ಇದು: "ಸಂಜೆ ಸುಮಾರು 6-15 ಗಂಟೆ ಸಮಯದಲ್ಲಿ ಬಿಳಿ ಬಣ್ಣದ ಕಾರಿನ ಚಾಲಕನು ಸದರಿ ಕಾರನ್ನು ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು, ಸೈಕಲ್ಲಿಗೆ ಹಿಂದಿನಿಂದ ಡಿಕ್ಕಿ ಹೊಡೆಸಿ, ವಾಹನ ನಿಲ್ಲಿಸದೆ ಹೊರಟುಹೋಗಿರುತ್ತಾನೆ." ಇಷ್ಟರಲ್ಲಿ ಆ ಹುಡುಗನ ಬಾಯಿಂದ ಬಂದ ಪದ ಒಂದೇ: ಬಿಳಿ.

ಹೈವೇಯಲ್ಲಿ ಬಿಳಿ ಕಾರು ಹುಡುಕುವುದು ಜಾತ್ರೆಯಲ್ಲಿ ಬಿಳಿ ಪಂಚೆಯವನನ್ನು ಹುಡುಕಿದ ಹಾಗೆ. ಒಂಬತ್ತು ದಿನ ಗ್ಯಾರೇಜು, ಟೋಲು, ಶೋರೂಮು ಅಂತ ನಮ್ಮ ಠಾಣೆಯ ಹುಡುಗರು ಅಲೆದರು. ಹತ್ತನೇ ರಾತ್ರಿ ನನಗೆ ಸ್ಟೇಷನ್ ಡ್ಯೂಟಿ. ಕರೆಂಟ್ ಹೋಗಿತ್ತು. ಬರೆಯೋಕೆ ಆಗದೆ ಸುಮ್ನೆ ಕೂತು ಆ ರೆಕಾರ್ಡಿಂಗ್ ಮತ್ತೆ ಹಾಕಿದೆ. ಮೊದಲ ಸಲ ಕೇಳಿದ್ದು ಬರೆಯುವುದಕ್ಕೆ, ಉತ್ತರ ಹೆಕ್ಕಿಕೊಳ್ಳುವುದಕ್ಕೆ. ಈ ಸಲ ನನ್ನ ದನಿಯನ್ನೇ ಕೇಳಿದೆ. ಹುಡುಗ ಬಾಯಿ ತೆರೆದು ಆರು ಸೆಕೆಂಡ್ ಆಗಿರಲಿಲ್ಲ, ನಾನು ಅಡ್ಡ ಬಾಯಿ ಹಾಕಿದ್ದೆ. "ಒಂಥರಾ" ಅಂದನಲ್ಲ, ಒಂಥರಾ ಏನು? ಅವನು ಏನು ಹೇಳುವುದಕ್ಕೆ ಹೊರಟಿದ್ದ?

ಮರುದಿನ ಹೋಗಿ ಕೇಳಿದೆ. "ಅದೇ ಸಾ, ಕಾರಿನ ಸದ್ದು" ಅಂದ. ಅಷ್ಟೇ. ಎಷ್ಟು ಕೇಳಿದರೂ ಅಷ್ಟೇ. ಆ ಒಂಬತ್ತು ದಿನದಲ್ಲಿ ಪಿಎಸ್‌ಐ ಸಾಹೇಬರು ಕೇಳಿದ್ದರು, ಅಂಗಡಿ ಮಾಲೀಕ ಕೇಳಿದ್ದ, ತೀರಿಕೊಂಡವರ ಮನೆಯವರು ಬಂದು ಅತ್ತುಕೊಂಡು ಕೇಳಿದ್ದರು. ಅವನು ಎಲ್ಲರಿಗೂ ಬಿಳಿ ಕಾರಿನ ಕತೆ ಹೇಳಿ ಹೇಳಿ ಅದು ಗಟ್ಟಿಯಾಗಿ ಕೂತುಬಿಟ್ಟಿತ್ತು.

ಅಂಗಡಿಯಿಂದ ಸ್ವಲ್ಪ ದೂರದಲ್ಲಿ ಒಬ್ಬ ಅಜ್ಜಿ ಹೂವು ಮಾರುತ್ತಿದ್ದಳು. ಮೊದಲ ದಿನವೇ ಅವಳನ್ನು ಕೇಳಿದ್ದೆ, "ನೋಡಿದ್ರಾ ಅಜ್ಜಿ?" ಅಂತ. "ನಾನೇನೂ ನೋಡ್ಲಿಲ್ಲ ಸ್ವಾಮಿ, ತಲೆ ಬಗ್ಗಿಸ್ಕೊಂಡು ಹೂ ಕಟ್ತಿದ್ದೆ" ಅಂದಳು. ನೋಡದಿದ್ದವಳು ಸಾಕ್ಷಿ ಹೇಗಾಗುತ್ತಾಳೆ ಎಂದು ಬಿಟ್ಟಿದ್ದೆ. ಈ ಸಲ ಟೋಪಿ ಬೈಕಿನ ಮೇಲೆ ಇಟ್ಟು, ಅವಳ ಪಕ್ಕ ಒಂದು ಟೊಮೇಟೊ ಕ್ರೇಟ್ ಬೋರಲು ಹಾಕಿ ಕೂತೆ. ಹೊತ್ತೂ ಅದೇ, ಸಂಜೆ ಆರರ ಸುಮಾರು. ನನಗೆ ಯಾವ ಶಾಸ್ತ್ರವೂ ಗೊತ್ತಿರಲಿಲ್ಲ. ಈ ಸಲ ಬಾಯಿ ಹಾಕಬಾರದು ಎಂಬುದಷ್ಟೇ ಇತ್ತು.

"ಅವತ್ತು ಏನೇನಾಯ್ತು ಅಂತ ನಿಮ್ಮ ಪಾಡಿಗೆ ಹೇಳಿ ಅಜ್ಜಿ. ಗಾಡಿ ವಿಷಯನೇ ಹೇಳ್ಬೇಕು ಅಂತಿಲ್ಲ" ಅಂದೆ.

ಅವಳು ಹೂವಿನಿಂದ ಶುರು ಮಾಡಿದಳು. ಅವತ್ತು ಕಾಕಡ ತಡವಾಗಿ ಬಂದಿತ್ತಂತೆ, ಮೊಗ್ಗು ಅರಳೋಕೆ ಶುರುವಾಗಿತ್ತಂತೆ. ಬಾಳೆ ನಾರು ಒಣಗಿಹೋಗಿ ತುಂಡಾಗುತ್ತಿತ್ತಂತೆ. ಪಕ್ಕದಲ್ಲಿ ಒಂದು ಬಟ್ಟಲು ನೀರಿಟ್ಟುಕೊಂಡು ನಾರನ್ನು ನೆನೆಸಿ ನೆನೆಸಿ ಕಟ್ಟುತ್ತಿದ್ದಳಂತೆ. ಹೇಳುತ್ತಲೇ ಕೈ ಕಟ್ಟುತ್ತಿತ್ತು: ಎರಡು ಹೂ ಈ ಕಡೆ, ಎರಡು ಆ ಕಡೆ, ನಾರು ಸುತ್ತಿ ಬಿಗಿ. ನನಗೆ ಒಳಗೊಳಗೇ ಚಡಪಡಿಕೆ. ನಾಲಿಗೆ ತುದಿಗೆ ಬಂದ ಪ್ರಶ್ನೆಯನ್ನು ಎಷ್ಟು ಸಲ ನುಂಗಿದೆನೋ. ಆರನೇ ಮೊಳವೋ ಏಳನೇ ಮೊಳವೋ ಅಳೆಯುವಾಗ ಬಸ್ಸು ಹೋಯಿತು ಅಂದಳು. ಬಸ್ಸಿನ ಗಾಳಿಗೆ ಮೊರದ ಹೂವು ಹಾರಿತು, ಆಯ್ದುಕೊಳ್ಳೋಕೆ ಬಗ್ಗಿದೆ ಅಂದಳು. ಆಮೇಲೆ ಕೈ ನಿಂತಿತು.

"ಖಾಲಿ ಕ್ಯಾನು" ಅಂದಳು.

ನಾನು ಸುಮ್ಮನಿದ್ದೆ.

"ಹಾಲಿನ ಕ್ಯಾನು ಸ್ವಾಮಿ. ಖಾಲಿ ಕ್ಯಾನು ಒಂದಕ್ಕೊಂದು ಬಡ್ಕೊಂಡ್ರೆ ಡಣಡಣ ಅನ್ನಲ್ವಾ, ಹಂಗೆ. ತುಂಬಿದ್ರೆ ಆ ಸದ್ದು ಬರಲ್ಲ. ಬಸ್ಸು ಹೋದ್ಮೇಲೆ ಆ ಸದ್ದು. ಆಮೇಲೆ ಸೈಕಲ್ ಬಿದ್ದಿದ್ದು. ಆಮೇಲೆ ಮತ್ತೆ ಅದೇ ಸದ್ದು, ಜೋರಾಗಿ, ದೂರ ದೂರ ಹೋಯ್ತು."

ಆ ದಾರಿಯಲ್ಲಿ ಸಂಜೆ ಖಾಲಿ ಕ್ಯಾನ್ ಹೊತ್ತು ಓಡಾಡುವ ಖಾಸಗಿ ಗಾಡಿಗಳು ಮೂರೇ. ಎರಡು ದಿನದಲ್ಲಿ ಸಿಕ್ಕಿತು. ಒಂದು ಪಿಕಪ್. ಅದರ ಎಡಗಡೆ ಹೆಡ್‌ಲೈಟ್ ಹೊಚ್ಚ ಹೊಸದು, ಬಲಗಡೆಯದು ಹಳದಿಗಟ್ಟಿದ್ದು. ಹಸು ಅಡ್ಡ ಬಂದಿತ್ತು ಅಂದರು ಗಾಡಿಯವರು. ಗಾಡಿಯ ಬಣ್ಣ ಬಿಳಿ.

ಹುಡುಗ ಸರಿಯಾಗಿಯೇ ನೋಡಿದ್ದ. ಬಿಳಿ ಎಂಬುದು ಅವನದು. ಕಾರು ಎಂಬುದು ನನ್ನದು.

ಮರು ಹೇಳಿಕೆ ಬರೆಯಬೇಕಾಯಿತು. "ಗೂಡ್ಸ್ ವಾಹನ" ಎಂದು ಬರೆದೆವು, ಅವನು ತಲೆಯಾಡಿಸಿದ. ಈ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ, ಅದು ಕಾನೂನು. ಕಟಕಟೆಯಲ್ಲಿ ಸಾಕ್ಷಿ ಬೇರೆ ಹೇಳಿದರೆ ಅವನ ಮಾತಿನಲ್ಲಿ ವಿರೋಧ ಇದೆ ಎಂದು ತೋರಿಸುವುದಕ್ಕೆ ಆ ಹಾಳೆ ಬರುತ್ತದೆ. ಕೋರ್ಟಿನಲ್ಲಿ ಹುಡುಗ ಪ್ರಮಾಣ ಮಾಡಿ, ತಾನು ನೋಡಿದ್ದು ಬಿಳಿ ಕಾರು ಅಂದ. ಸರ್ಕಾರದ ಪರ ವಕೀಲರಾದ ಎಪಿಪಿಯವರು ಅವನನ್ನು ಪ್ರತಿಕೂಲ ಸಾಕ್ಷಿ, ಅಂದರೆ ತಮ್ಮ ಕಡೆಗೇ ತಿರುಗಿಬಿದ್ದ ಸಾಕ್ಷಿ, ಎಂದು ಪರಿಗಣಿಸಬೇಕೆಂದು ಕೇಳಿಕೊಂಡರು. ಅಜ್ಜಿ ಹೇಳಿದ್ದು ಬರೀ ಸದ್ದು. ಆರೋಪಿಗೆ, ಅಂದರೆ ಆ ಪಿಕಪ್ ಚಾಲಕನಿಗೆ, ಅನುಮಾನದ ಲಾಭ ಸಿಕ್ಕಿ ಬಿಡುಗಡೆಯಾಯಿತು. ತೀರಿಕೊಂಡವರ ಹೆಂಡತಿ ಹೊರಗಿನ ಹೊಂಗೆ ಮರದ ಕೆಳಗೆ ಕೂತಿದ್ದರು. ಏನಾಯ್ತು ಅಂತ ಅವರಿಗೆ ಹೇಳಿದವನು ನಾನೇ. ಯಾಕೆ ಹಾಗಾಯ್ತು ಅಂತ ಹೇಳಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದಾಗಿ ಮೂರ್ನಾಲ್ಕು ವರ್ಷಕ್ಕೆ ಒಂದು ತರಬೇತಿಗೆ ಕಳಿಸಿದರು. ಮನಃಶಾಸ್ತ್ರದ ಮೇಷ್ಟ್ರೊಬ್ಬರು ಎರಡು ಗಂಟೆ ಪಾಠ ಮಾಡಿದರು. ಹಿಂದಿನ ಬೆಂಚಿನಲ್ಲಿ ಕೆಲವರು ತೂಕಡಿಸುತ್ತಿದ್ದರು. ನಾನು ನೋಟ್‌ಬುಕ್ ತುಂಬಾ ಬರೆದುಕೊಂಡೆ. ಯಾಕೆಂದರೆ ಅವರು ಹೇಳುತ್ತಿದ್ದ ಮೊದಲ ವಿಷಯವೇ ನನ್ನ ಫೋನಿನಲ್ಲಿತ್ತು.

ಅಮೆರಿಕದಲ್ಲಿ ರೊನಾಲ್ಡ್ ಫಿಶರ್, ಎಡ್ವರ್ಡ್ ಗೀಸೆಲ್‌ಮನ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು. ಒಬ್ಬರು ಮಯಾಮಿಯವರು, ಇನ್ನೊಬ್ಬರು ಲಾಸ್ ಏಂಜಲೀಸ್‌ನವರು. ಮಯಾಮಿಯ ಪೊಲೀಸರು ಸಾಕ್ಷಿಗಳನ್ನು ಮಾತಾಡಿಸಿದ ಟೇಪುಗಳನ್ನು ಕೂತು ಕೇಳಿ, 1987ರಲ್ಲಿ ಅದರ ಬಗ್ಗೆ ಬರೆದರು. ಸಾಕ್ಷಿ ಮಾತು ಶುರು ಮಾಡಿ ಸರಾಸರಿ ಏಳೂವರೆ ಸೆಕೆಂಡಿಗೆ ಪೊಲೀಸಿನವರು ಬಾಯಿ ಹಾಕುತ್ತಿದ್ದರು. ಅದಾದ ಮೇಲೆ ಒಂದರ ಹಿಂದೆ ಒಂದು ಚುಟುಕು ಪ್ರಶ್ನೆ: ಎತ್ತರ ಎಷ್ಟು, ಬಣ್ಣ ಏನು, ಕೈಯಲ್ಲಿ ಏನಿತ್ತು. ಉತ್ತರ ಮುಗಿಯುವ ಮೊದಲೇ ಮುಂದಿನದು. ಇದನ್ನು ಕೇಳಿದಾಗ ನನ್ನ ಕಿವಿ ಬಿಸಿಯಾಯಿತು. ಅಷ್ಟು ದೂರದ ಆ ಪೊಲೀಸರಿಗೂ ನನಗೂ ಒಂದೇ ಚಾಳಿ.

ಆ ಇಬ್ಬರೂ ಸೇರಿ 1984ರಿಂದಲೇ ಒಂದು ಹೊಸ ಪದ್ಧತಿ ಕಟ್ಟುತ್ತಿದ್ದರು. ಹೆಸರು ಕಾಗ್ನಿಟಿವ್ ಇಂಟರ್‌ವ್ಯೂ. ಅದರ ಬೇರು ಇಷ್ಟೇ: ನೆನಪು ಒಂಟಿಯಾಗಿ ಕೂತಿರುವುದಿಲ್ಲ. ಅವತ್ತಿನ ಜಾಗ, ಬೆಳಕು, ವಾಸನೆ, ಕೈಯಲ್ಲಿದ್ದ ಕೆಲಸ, ಮನಸ್ಸಿನಲ್ಲಿದ್ದ ಚಿಂತೆ ಎಲ್ಲದರ ಜೊತೆ ಹೆಣೆದುಕೊಂಡಿರುತ್ತದೆ. 1975ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ಮುಳುಗುಗಾರರ ಮೇಲೆ ಒಂದು ಪ್ರಯೋಗ ಮಾಡಿದ್ದರು. ನೀರಿನೊಳಗೆ ಕಲಿತ ಪದಗಳು ದಡದಲ್ಲಿ ಕೇಳಿದಾಗ ಅಷ್ಟು ನೆನಪಾಗಲಿಲ್ಲ, ಮತ್ತೆ ನೀರಿಗಿಳಿದಾಗ ಚೆನ್ನಾಗಿ ನೆನಪಾದವು. ಅಜ್ಜಿಯನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿ ಕೇಳಿದ್ದರೆ ಕ್ಯಾನಿನ ಸದ್ದು ಬರುತ್ತಿತ್ತಾ? ನನಗಂತೂ ಅನುಮಾನ. ಒದ್ದೆ ನಾರು ಬೆರಳಿಗೆ ಸುತ್ತುತ್ತಿದ್ದಾಗ ಬಂತು.

ಹಾಗಾಗಿ ಮೊದಲ ಕೆಲಸ ಸಾಕ್ಷಿಯನ್ನು ಮನಸ್ಸಿನಲ್ಲೇ ಆ ಜಾಗಕ್ಕೆ ಕರೆದುಕೊಂಡು ಹೋಗುವುದು. ಎಲ್ಲಿ ನಿಂತಿದ್ದಿರಿ, ಬಿಸಿಲು ಯಾವ ಕಡೆಯಿಂದ ಬೀಳುತ್ತಿತ್ತು, ಏನು ಯೋಚಿಸುತ್ತಿದ್ದಿರಿ. ಅವರಿಗೆ ಸರಿ ಅನಿಸಿದರೆ ಕಣ್ಣು ಮುಚ್ಚಿಕೊಳ್ಳಲಿ. ಎರಡನೆಯದು, ಬಂದಿದ್ದನ್ನೆಲ್ಲಾ ಹೇಳಿಸುವುದು, ಅದು ಕೇಸಿಗೆ ಬೇಕೋ ಬೇಡವೋ ಎಂದು ಅವರು ತೂಗಿ ನೋಡದ ಹಾಗೆ. ಮೂರನೆಯದು, ಒಮ್ಮೆ ಹೇಳಿ ಮುಗಿಸಿದ ಮೇಲೆ ಕೊನೆಯಿಂದ ಹಿಂದಕ್ಕೆ ಹೇಳಿ ನೋಡಿ ಅನ್ನಬಹುದು. ಮುಂದಕ್ಕೆ ಹೇಳುವಾಗ ನಾವೆಲ್ಲಾ "ಹೀಗಾದ್ಮೇಲೆ ಹೀಗೇ ಆಗಿರ್ಬೇಕು" ಎಂದು ಅಂತರ ತುಂಬಿಕೊಂಡು ಹೋಗುತ್ತೇವೆ. ಹಿಂದಕ್ಕೆ ಬರುವಾಗ ಆ ಓಟ ತಪ್ಪುತ್ತದೆ, ಬಿಟ್ಟುಹೋಗಿದ್ದು ಸಿಗುತ್ತದೆ. ನಾಲ್ಕನೆಯದೂ ಒಂದಿದೆ, ಆ ಬಸ್ ಡ್ರೈವರ್ ಜಾಗದಿಂದ ನೋಡಿದರೆ ಏನು ಕಾಣುತ್ತಿತ್ತು ಅಂತ ಕೇಳುವುದು. ಅದನ್ನು ನಾನು ಒಂದೆರಡು ಸಲ ಮಾಡಿ ಬಿಟ್ಟೆ. ನಮ್ಮ ಜನಕ್ಕೆ ಅದು "ಊಹಿಸಿ ಹೇಳು" ಅಂದ ಹಾಗೆ ಕೇಳುತ್ತದೆ, ಊಹಿಸಿಯೇ ಹೇಳುತ್ತಾರೆ. ಇಂಗ್ಲೆಂಡಿನಲ್ಲೂ ಇದನ್ನು ಕಲಿತ ಪೊಲೀಸರು ಜಾಸ್ತಿ ಬಳಸುವುದಿಲ್ಲವಂತೆ.

ಇದು ನಿಜಕ್ಕೂ ಕೆಲಸ ಮಾಡುತ್ತದಾ? 1985ರಲ್ಲಿ ಗೀಸೆಲ್‌ಮನ್, ಫಿಶರ್ ಅವರು ವಿದ್ಯಾರ್ಥಿಗಳಿಗೆ ಲಾಸ್ ಏಂಜಲೀಸ್ ಪೊಲೀಸರ ತರಬೇತಿ ಸಿನಿಮಾ ತೋರಿಸಿ, ಎರಡು ದಿನ ಬಿಟ್ಟು, ಅನುಭವಿ ತನಿಖಾಧಿಕಾರಿಗಳಿಂದ ಪ್ರಶ್ನೆ ಕೇಳಿಸಿದರು. ಮಾಮೂಲಿ ವಿಚಾರಣೆಯಲ್ಲಿ ಸರಾಸರಿ 29 ಸರಿಯಾದ ವಿವರ ಸಿಕ್ಕವು. ಹಿಪ್ನಾಟಿಸಂನಲ್ಲಿ 38. ಈ ಪದ್ಧತಿಯಲ್ಲಿ 41. ತಪ್ಪು ವಿವರ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಮುಂದೆ 1989ರಲ್ಲಿ ಮಯಾಮಿಯಲ್ಲಿ ನಿಜವಾದ ಕೇಸುಗಳಲ್ಲೇ ನೋಡಿದರು. ದರೋಡೆ ವಿಭಾಗದ 16 ಪತ್ತೇದಾರರಲ್ಲಿ ಏಳು ಜನಕ್ಕೆ ತರಬೇತಿ. ಅವರು ತರಬೇತಿಗೆ ಮುಂಚೆ ಪಡೆಯುತ್ತಿದ್ದುದಕ್ಕಿಂತ ಶೇಕಡಾ 47, ತರಬೇತಿ ಇಲ್ಲದ ಜೊತೆಗಾರರಿಗಿಂತ ಶೇಕಡಾ 63 ಜಾಸ್ತಿ ಮಾಹಿತಿ ಪಡೆದರು. ನಂತರ ಅನೇಕ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ ತಪ್ಪು ವಿವರವೂ ಸ್ವಲ್ಪ ಹೆಚ್ಚುವುದು ಕಂಡಿದೆ. ಜಾಸ್ತಿ ಮಾತಾಡಿದಾಗ ಒಂದೆರಡು ತಪ್ಪು ಬರುತ್ತವೆ ಅಲ್ವಾ. ಆದರೆ ಹೇಳಿದ್ದರಲ್ಲಿ ಸರಿ ಎಷ್ಟು ಎಂಬ ಪ್ರಮಾಣ ಕೆಳಗೆ ಬೀಳಲಿಲ್ಲ.

ನರಾನೇ ತುಂಡಾದರೂ ಸತ್ಯ ಹೊರಗೆ ತೆಗೆಯುತ್ತೇವೆ ಅನ್ನುವ ಮಾತು ಠಾಣೆಗಳಲ್ಲಿ ಕೇಳಿ ಬೆಳೆದವನು ನಾನು. ಒಂದು ಕಾಲಕ್ಕೆ ಎಲ್ಲರ ಬಾಯಲ್ಲೂ ಮಂಪರು ಪರೀಕ್ಷೆ. ಬೆಂಗಳೂರಿನ ಲ್ಯಾಬು ಅದಕ್ಕೇ ಹೆಸರಾಗಿತ್ತು. 2010ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಕೇಸಿನಲ್ಲಿ, ಒಪ್ಪಿಗೆ ಇಲ್ಲದೆ ಯಾರಿಗೂ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ಮಾಡುವಂತಿಲ್ಲ ಎಂದಿತು. ಒಳ್ಳೆಯದೇ ಆಯಿತು. ಸೂಜಿ ಚುಚ್ಚಿ ಹೊರಗೆ ತೆಗೆಯಬೇಕು ಅಂದುಕೊಂಡಿದ್ದನ್ನು ಎಷ್ಟೋ ಸಲ ಒಂದು ಕ್ರೇಟು ಬೋರಲು ಹಾಕಿ ಕೂತರೆ ಜನ ತಾವಾಗಿಯೇ ಕೊಡುತ್ತಾರೆ. ಬಾಯಿ ಬಿಡಬಾರದು ಎಂದು ಗಟ್ಟಿ ಮಾಡಿಕೊಂಡು ಬಂದವನ ಹತ್ತಿರ ಈ ಪದ್ಧತಿ ನಡೆಯುವುದಿಲ್ಲ, ಅದು ನಿಜ. ಇದು ಹೇಳಬೇಕು ಅಂತ ಮನಸ್ಸಿರುವವರಿಗೆ.

ನನ್ನನ್ನು ಜಾಸ್ತಿ ಕಾಡುವುದು ಪದಗಳ ವಿಷಯ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಮಾಡಿದ ಪ್ರಯೋಗವನ್ನು ನಾನು ಎಷ್ಟೋ ಹೊಸ ಕಾನ್‌ಸ್ಟೆಬಲ್‌ಗಳಿಗೆ ಹೇಳಿದ್ದೇನೆ. ಕಾರುಗಳು ಡಿಕ್ಕಿಯಾಗುವ ಸಿನಿಮಾ ತೋರಿಸಿ ವೇಗ ಎಷ್ಟಿತ್ತು ಅಂತ ಕೇಳಿದರು. ಪ್ರಶ್ನೆಯಲ್ಲಿ ಒಂದೇ ಒಂದು ಕ್ರಿಯಾಪದ ಬದಲಾಯಿಸಿದರು. "ತಾಗಿದಾಗ" ಅನ್ನುವಂಥ ಪದ ಕೇಳಿದವರು ಗಂಟೆಗೆ ಸರಾಸರಿ 31.8 ಮೈಲಿ ಅಂದರು. "ನುಚ್ಚುನೂರಾಗುವಂತೆ ಗುದ್ದಿದಾಗ" ಅನ್ನುವಂಥದ್ದನ್ನು ಕೇಳಿದವರು 40ಕ್ಕಿಂತ ಜಾಸ್ತಿ. ಇನ್ನೊಂದು ಪ್ರಯೋಗದಲ್ಲಿ ಒಂದು ವಾರ ಬಿಟ್ಟು, ಒಡೆದ ಗಾಜು ನೋಡಿದ್ರಾ ಎಂದು ಕೇಳಿದರು. ಸಿನಿಮಾದಲ್ಲಿ ಒಡೆದ ಗಾಜೇ ಇರಲಿಲ್ಲ. ಜೋರು ಪದ ಕೇಳಿದ್ದ 50 ಜನರಲ್ಲಿ 16 ಜನ ನೋಡಿದ್ದೇವೆ ಅಂದರು. ಸಾಧಾರಣ ಪದ ಕೇಳಿದ್ದ 50ರಲ್ಲಿ ಏಳು ಜನ.

ಈಗ ನಮ್ಮ ಕನ್ನಡ ನೋಡಿ. ತಾಗ್ತು, ತಗಲ್ತು, ಉಜ್ಕೊಂಡು ಹೋಯ್ತು, ಹೊಡೀತು, ಗುದ್ದಿತು, ಎತ್ತಿ ಬಿಸಾಕ್ತು. ಹಳ್ಳಿಯ ಸಾಕ್ಷಿ ಇದರಲ್ಲಿ ಒಂದನ್ನು ಆರಿಸಿಕೊಂಡು ಹೇಳುತ್ತಾನೆ, ನೋಡಿದ್ದಕ್ಕೆ ತಕ್ಕ ಹಾಗೆ. ಠಾಣೆಯಲ್ಲಿ ನಾವು ಅದೆಲ್ಲವನ್ನೂ ಒಂದೇ ಅಚ್ಚಿಗೆ ಸುರಿಯುತ್ತೇವೆ: "ಅತಿವೇಗ ಮತ್ತು ಅಜಾಗರೂಕತೆಯಿಂದ." ಅದು ಅಜಾಗರೂಕ ಚಾಲನೆಗೆ ಆಗ ಇದ್ದ, ಹಳೇ ಐಪಿಸಿಯ 279ನೇ ಸೆಕ್ಷನ್ನಿನ ಭಾಷೆ. ಯಾವ ಹೂವಿನ ಅಜ್ಜಿಯೂ ಹಾಗೆ ಮಾತಾಡುವುದಿಲ್ಲ. ಅದನ್ನು ಓದಿ ಹೇಳಿ "ಸರಿ ಇದ್ಯಾ?" ಅಂದಾಗ ಅವಳು ಹೂಂ ಅನ್ನುತ್ತಾಳೆ. ವರ್ಷಗಳಾದ ಮೇಲೆ ಕೋರ್ಟಿಗೆ ಹೋಗುವ ಬೆಳಿಗ್ಗೆ ಮತ್ತೆ ಓದಿ ಹೇಳುತ್ತೇವೆ. ಅವಳಿಗೆ ನೆನಪಿರುವುದು ರಸ್ತೆಯದೋ, ನಾವು ಓದಿದ ಹಾಳೆಯದೋ? ತರಬೇತಿಯಿಂದ ಬಂದ ಮೇಲೆ ನಾನು ಸಾಕ್ಷಿಯ ಮಾತನ್ನು ಅವರ ಪದದಲ್ಲೇ ಬರೆಯೋಕೆ ಶುರು ಮಾಡಿದೆ. "ಉಜ್ಕೊಂಡು ಹೋಯ್ತು" ಅಂದರೆ ಅದೇ. ಒಬ್ಬ ಸಾಹೇಬರು, "ಇದೇನ್ರೀ ಹೇಳಿಕೆನಾ, ಹರಟೆನಾ?" ಎಂದು ಹಾಳೆ ವಾಪಸ್ ಕೊಟ್ಟರು. ತಿದ್ದಿಸಿಕೊಂಡೆ. ಮುಂದಿನ ಸಲ ಮತ್ತೆ ಹಾಗೇ ಬರೆದೆ.

ಇನ್ನೊಂದು, "ಗೊತ್ತಿಲ್ಲ" ಎಂಬ ಮಾತು. ಖಾಕಿ ಮುಂದೆ ಗೊತ್ತಿಲ್ಲ ಅನ್ನೋಕೆ ಧೈರ್ಯ ಬೇಕು. "ಕೆಎ 06 ಇತ್ತಾ?" ಅಂದರೆ "ಇರ್ಬೋದು ಸಾ" ಅನ್ನುವುದು ಸುಲಭ, ಮನೆಗೆ ಹೋಗಬಹುದು. ಅದಕ್ಕೆ ನಾನು ಮೊದಲೇ ಹೇಳಿಬಿಡುತ್ತಿದ್ದೆ: "ನಾನು ಅಲ್ಲಿ ಇರ್ಲಿಲ್ಲ, ನೀವಿದ್ರಿ. ನಿಮಗೆ ಗೊತ್ತಿರೋದು ನನಗೆ ಗೊತ್ತಿಲ್ಲ. ಗೊತ್ತಿಲ್ದೇ ಇದ್ರೆ ಗೊತ್ತಿಲ್ಲ ಅನ್ನಿ, ನಾನೇನೂ ಅಂದ್ಕೊಳಲ್ಲ." ಹೀಗೆ ಹೇಳಿದ ಮೇಲೆ ಭುಜ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಮಾತು ಮುಗಿದ ಮೇಲೆ ಒಂದು ಹಾಳೆ ಪೆನ್ಸಿಲ್ ಕೊಟ್ಟು, ಎಲ್ಲಿ ಏನಿತ್ತು ಗೀಚಿ ತೋರಿಸಿ ಅನ್ನುತ್ತಿದ್ದೆ. ಓದು ಬರಹ ಬಾರದವರು ನೆಲದ ಮೇಲೆ ಕಡ್ಡಿಯಲ್ಲಿ ಗೆರೆ ಎಳೆಯುತ್ತಿದ್ದರು. ಗೆರೆ ಎಳೆಯುತ್ತಾ, "ಅಯ್ಯೋ, ಇಲ್ಲೊಂದು ಟ್ರ್ಯಾಕ್ಟರ್ ನಿಂತಿತ್ತು" ಎನ್ನುವುದನ್ನು ಎಷ್ಟೋ ಸಲ ಕೇಳಿದ್ದೇನೆ.

ಮುಖ ಗುರುತಿಸುವುದು ಇನ್ನೂ ಸೂಕ್ಷ್ಮ. ಗುರುತು ಪತ್ತೆ ಪರೇಡ್ ನಮ್ಮಲ್ಲಿ ತಹಶೀಲ್ದಾರರು ನಡೆಸುವುದುಂಟು, ಪೊಲೀಸರು ಹೊರಗಿರಬೇಕು. ಆ ನಿಯಮದಲ್ಲಿ ಬುದ್ಧಿವಂತಿಕೆ ಇದೆ. ಸಾಲಿನಲ್ಲಿ ಆರೋಪಿ ಯಾರು ಅಂತ ಗೊತ್ತಿದ್ದವರು ಹತ್ತಿರ ಇದ್ದರೆ, ಒಂದು ಉಸಿರು, ಒಂದು ನೋಟ ಸಾಕು. "ಇವರಲ್ಲಿ ಅವನು ಇರಬಹುದು, ಇಲ್ಲದೆಯೂ ಇರಬಹುದು" ಎಂದು ಮೊದಲೇ ಹೇಳಬೇಕು. ಆರಿಸಿದ ಮೇಲೆ "ಸರಿಯಾಗಿ ಹೇಳ್ದೆ" ಅನ್ನಲೇಬಾರದು. 1998ರಲ್ಲಿ ಗ್ಯಾರಿ ವೆಲ್ಸ್, ಏಮಿ ಬ್ರಾಡ್‌ಫೀಲ್ಡ್ ತೋರಿಸಿದ್ದು ಅದನ್ನೇ. ತಪ್ಪು ಮನುಷ್ಯನನ್ನು ತೋರಿಸಿದವರಿಗೂ ಆ ಒಂದು ಶಹಬ್ಬಾಸ್ ಸಿಕ್ಕರೆ, ತಾವು ಚೆನ್ನಾಗಿ ನೋಡಿದ್ದೆವು, ಆಗಲೇ ಖಚಿತವಾಗಿತ್ತು ಎಂದು ನಂಬಿಕೊಳ್ಳುತ್ತಾರೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1984ರಲ್ಲಿ ಜೆನಿಫರ್ ಥಾಂಪ್ಸನ್ ಎಂಬ ಹೆಣ್ಣುಮಗಳು ತನ್ನ ಮೇಲೆ ಅತ್ಯಾಚಾರ ಮಾಡಿದವನು ಎಂದು ರೊನಾಲ್ಡ್ ಕಾಟನ್ ಅವರನ್ನು ಮೊದಲು ಫೋಟೋದಲ್ಲಿ, ಆಮೇಲೆ ಸಾಲಿನಲ್ಲಿ ಗುರುತಿಸಿದರು. ಫೋಟೋದಲ್ಲಿ ಆರಿಸಿದವನೇ ಇವನು ಎಂದು ಪೊಲೀಸರು ಹೇಳಿದರು. ಥಾಂಪ್ಸನ್ ಅವರ ಅನುಮಾನವೆಲ್ಲ ಹೋಯಿತು. ಕಾಟನ್ ಹತ್ತು ವರ್ಷಕ್ಕೂ ಹೆಚ್ಚು ಜೈಲಿನಲ್ಲಿದ್ದರು. 1995ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದಾಗ ಅಪರಾಧಿ ಬೇರೆಯವನು ಎಂದು ಗೊತ್ತಾಯಿತು. ಆಕೆ ಒಂದು ಸುಳ್ಳನ್ನೂ ಹೇಳಿರಲಿಲ್ಲ.

ಸಾಕ್ಷಿ ತಪ್ಪು ಹೇಳಿದರೆ ದುಡ್ಡು ತಿಂದಿದ್ದಾನೆ, ಹೆದರಿದ್ದಾನೆ, ತನ್ನ ಜಾತಿಯವನು ಅಂತ ಆರೋಪಿಯನ್ನು ಬಿಡಿಸುತ್ತಿದ್ದಾನೆ ಅಂದುಕೊಳ್ಳುವುದು ನಮ್ಮ ಅಭ್ಯಾಸ. ಅದೂ ನಡೆಯುತ್ತದೆ, ನಾನು ಕಂಡಿದ್ದೇನೆ. ಆದರೆ ಎಷ್ಟೋ ಸಲ ಆ ತಪ್ಪನ್ನು ನಾವೇ ಮೊದಲ ದಿನ, ಮೊದಲ ಪ್ರಶ್ನೆಯಲ್ಲಿ ಇಟ್ಟಿರುತ್ತೇವೆ.

ನನಗೆ ಈಗಿನವರಿಂದ ಒಂದೇ ಒಂದು ಆಸೆ. 2009ರ ಕೊನೆಯಿಂದಲೇ ಹೇಳಿಕೆಯನ್ನು ಆಡಿಯೋ ವಿಡಿಯೋದಲ್ಲಿ ದಾಖಲಿಸುವುದಕ್ಕೆ ಕಾನೂನಿನಲ್ಲಿ ಅವಕಾಶ ಇದೆ. ಹೊಸ ಕಾನೂನಿನಲ್ಲೂ ಇದೆ. ರೆಕಾರ್ಡ್ ಮಾಡಿ. ಸಾಕ್ಷಿಯನ್ನು ಕಟ್ಟಿಹಾಕುವುದಕ್ಕೆ ಅಂತ ಬೇಡ. ಮನೆಗೆ ಹೋಗಿ ನಿಮ್ಮ ದನಿ ಕೇಳಿಕೊಳ್ಳಿ. ಎಷ್ಟು ಸೆಕೆಂಡಿಗೆ ಬಾಯಿ ಹಾಕಿದಿರಿ ಎಣಿಸಿ. ನನಗೆ ಗೊತ್ತು, ಸಮಯ ಇರುವುದಿಲ್ಲ. ಬಂದೋಬಸ್ತು, ಸಮನ್ಸು, ಸಾಹೇಬರ ಫೋನು. ಅಜ್ಜಿ ಹತ್ತಿರ ನಾನು ಕೂತಿದ್ದು ಸುಮಾರು ಮುಕ್ಕಾಲು ಗಂಟೆ. ಬಿಳಿ ಕಾರು ಹುಡುಕಿದ್ದು ಒಂಬತ್ತು ದಿನ.

ಪೊಲೀಸರಲ್ಲದವರಿಗೂ ಒಂದು ಮಾತು. ಕಣ್ಣೆದುರು ಏನಾದರೂ ನಡೆದರೆ, ಟೀ ಅಂಗಡಿಯಲ್ಲಿ ನಾಲ್ಕು ಜನರ ಹತ್ತಿರ ಮಾತಾಡುವ ಮುಂಚೆ ಒಂದು ಹಾಳೆಯಲ್ಲಿ ಬರೆದಿಡಿ. ನೋಡಿದ್ದು, ಕೇಳಿದ್ದು, ಮೂಗಿಗೆ ಬಡಿದ ವಾಸನೆ, ಎಲ್ಲ. ಬ್ರಿಟನ್ನಿನಲ್ಲಿ ಫಿಯೋನಾ ಗ್ಯಾಬರ್ಟ್, ಲೋರೇನ್ ಹೋಪ್ ಅವರು ಫಿಶರ್ ಜೊತೆ ಸೇರಿ ಇದಕ್ಕೇ ಅಂತ ಒಂದು ಪುಸ್ತಿಕೆ ಮಾಡಿ, 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅದರಿಂದ ನೆನಪು ಚೆನ್ನಾಗಿ ಉಳಿಯುವುದನ್ನು ತೋರಿಸಿದ್ದಾರೆ. ಪುಸ್ತಿಕೆ ಇಲ್ಲದಿದ್ದರೂ ಪರವಾಗಿಲ್ಲ, ಬಸ್ ಟಿಕೆಟ್ ಹಿಂದೆ ಬರೆದರೂ ಸಾಕು. ನಾಲ್ಕು ಬಾಯಿ ಸೇರಿದ ಮೇಲೆ ನಿಮ್ಮದು ಯಾವುದು, ಪಕ್ಕದವರದು ಯಾವುದು ಅಂತ ನಿಮಗೇ ಗೊತ್ತಾಗುವುದಿಲ್ಲ.

ಅಜ್ಜಿ ಈಗಿಲ್ಲ. ಪಂಕ್ಚರ್ ಹುಡುಗ ಈಗ ಸ್ವಂತ ಅಂಗಡಿ ಇಟ್ಟಿದ್ದಾನೆ, ಏರ್ ಕಂಪ್ರೆಸರ್, ಟ್ಯೂಬ್‌ಲೆಸ್ ಟೈರಿನ ಮಷೀನು ಎಲ್ಲಾ ಇದೆ. ಹೋದ ವರ್ಷ ಆ ಕಡೆ ಹೋದಾಗ ಸ್ಕೂಟರಿಗೆ ಗಾಳಿ ಹಾಕಿಸಿಕೊಂಡೆ. ದುಡ್ಡು ತೆಗೆದುಕೊಳ್ಳಲಿಲ್ಲ. ಟೀ ತರಿಸಿದ. ನಾನಾಗಿ ಆ ವಿಷಯ ಎತ್ತಲಿಲ್ಲ, ಅವನೇ ಎತ್ತಿದ.

"ಆ ಕೇಸು ಹಂಗಾಗ್ಬಾರ್ದಿತ್ತು ಸಾ. ಆ ಹಾಲಿನ ಗಾಡಿಯವ್ರು ಪಾಪ ಸುಮ್ನೆ ಕೋರ್ಟಿಗೆ ಅಲೆದ್ರು."

ನಾನು ಏನೂ ಕೇಳಲಿಲ್ಲ. ಅವನೇ ಮುಂದುವರಿಸಿದ, ರಸ್ತೆಯ ಕಡೆ ನೋಡುತ್ತಾ.

"ಈಗ್ಲೂ ಕಣ್ಣಿಗೆ ಕಟ್ಟಿದ ಹಂಗಿದೆ. ಬಿಳಿ ಕಾರು. ಗಾಜು ಪೂರ್ತಿ ಏರಿಸಿದ್ರು. ಬಾಗಿಲ ಮೇಲೆ ಬಿಸಿಲು ಬಿದ್ದು ಫಳ್ ಅಂತು."